ಸ್ವಭಾವವೂ ಸಹಕಾರವೂ

ಶಹಾಬಾದಿನ ಹಾಸುಗಲ್ಲು ಭೂಮಿಯಲ್ಲಿ ಪದರು ಪದರಾಗಿ ಮಲಗಿರುತ್ತದೆ. ಉಳಿ, ಹಾರೆಗಳಿಂದ ಅದರ ಸಂದು ಬಿಡಿಸುವುದು ಒಬ್ಬನಿಂದ ಸಾಧ್ಯ. ಬಿಡಿಸಿದ ಅಗಲವಾದ ಕಲ್ಲನ್ನು ಒಡೆಯದಂತೆ ಮೇಲೆತ್ತುವುದು ಒಬ್ಬನಿಂದ ಆಗದು. ಪಕ್ಕದವನು ತನ್ನ ಹಾರೆಯನ್ನು ಕೆಳಗಿಟ್ಟು ಬಂದು ಕೈಗೂಡಿಸಬೇಕು. ತೆಗೆದ ಕಲ್ಲಿನ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ಆ ಹೊತ್ತು ನಷ್ಟದ ಹೊತ್ತು. ಆದರೂ ಒಬ್ಬನು ಬರುತ್ತಾನೆ, ಮತ್ತೊಬ್ಬನು ಬರುವುದಿಲ್ಲ. ಈ ಭೇದಕ್ಕೆ ಅವರವರ ಹುಟ್ಟುಗುಣವೇ ಕಾರಣವೋ, ಬೇರೇನಾದರೂ ಉಂಟೋ ಎಂಬುದು ಪ್ರಕೃತ ವಿಚಾರ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಈ ಸೀಮೆ ಸುಣ್ಣಕಲ್ಲಿನ ನೆಲ, ತೊಗರಿಯ ನೆಲ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲುಮಾರ್ಗವಾಯಿತು. ಮುಂದೆ ಶಹಾಬಾದ, ವಾಡಿಗಳಲ್ಲಿಯೂ 1980ರ ದಶಕದಲ್ಲಿ ಸೇಡಂ, ಮಳಖೇಡಗಳಲ್ಲಿಯೂ ಸಿಮೆಂಟ್ ಕಾರ್ಖಾನೆಗಳು ಎದ್ದವು. ಹೊಲದ ಬಾಳುವೆಗೆ ಮುಯ್ಯಾಳಿನ ಪದ್ಧತಿ ಗೊತ್ತು: ಇಂದು ನಾನು ನಿನ್ನ ರಾಶಿಗೆ, ನಾಳೆ ನೀನು ನನ್ನ ರಾಶಿಗೆ. ಕಾರ್ಖಾನೆಯಲ್ಲಿ ಆ ಲೆಕ್ಕ ನಡೆಯದು. ಸಿಮೆಂಟಿನ ಗೂಡಿನೊಳಗೆ ಸುಮಾರು 1450 ಡಿಗ್ರಿ ಕಾವು. ಒಳಗಿನ ಇಟ್ಟಿಗೆಯ ಪದರು ಕಳಚಿದರೆ ಹೊರಗಿನ ಉಕ್ಕಿನ ಕವಚವೇ ಕೆಂಪಗಾಗುತ್ತದೆ. ಪಾಳಿ ಮುಗಿಸಿದವನು ದಫ್ತರದಲ್ಲಿ ಒಂದು ಸಾಲು ಬರೆದು ಮನೆಗೆ ಹೋದರೆ ತಪ್ಪೆನ್ನುವಂತಿಲ್ಲ. ಕಾಲು ಗಂಟೆ ನಿಂತು, ಹೊಸದಾಗಿ ಬಂದವನಿಗೆ ಆ ಜಾಗವನ್ನು ತೋರಿಸಿ ಹೋದರೆ ಅದು ನೆರವು, ಅದಕ್ಕೆ ಸಂಬಳವಿಲ್ಲ.

ಚಿತ್ತಾಪುರದ ಬಳಿಯ ನಾಗಾವಿಯ 1058ರ ಶಾಸನವು ಅಲ್ಲಿನ ಘಟಿಕಾಸ್ಥಾನದ ಉಪಾಧ್ಯಾಯರನ್ನೂ ಆರು ಮಂದಿ ಸರಸ್ವತೀ ಭಂಡಾರಿಗರನ್ನೂ ಎಣಿಸಿ ಹೇಳುತ್ತದೆ. ಹುದ್ದೆಯನ್ನು ಕಲ್ಲಿನಲ್ಲಿ ಬರೆಯಬಹುದು. ಎಳೆಯ ವಿದ್ಯಾರ್ಥಿಗೆ ಬೇಕಾದ ಓಲೆಯನ್ನು ತಾಳ್ಮೆಯಿಂದ ಹುಡುಕಿಕೊಡುವ ಗುಣವನ್ನು ಯಾವ ಶಾಸನ ಬರೆದೀತು?

ಹೀಗೆ ಬರೆಯದೆ ಉಳಿದ ದುಡಿಮೆಯೇ ಸಂಸ್ಥೆಯನ್ನು ಹಿಡಿದು ನಿಲ್ಲಿಸುತ್ತದೆಂದು ಅಮೆರಿಕದ ಚೆಸ್ಟರ್ ಬರ್ನಾರ್ಡನು 1938ರಲ್ಲಿಯೇ ಮನಗಂಡಿದ್ದನು. ಅದನ್ನು ಸಂಸ್ಥಾ ಪೌರತ್ವದ ನಡತೆಯೆಂದು ಕರೆದು 1980ರ ದಶಕದಲ್ಲಿ ಶಾಸ್ತ್ರವಾಗಿ ಬೆಳೆಸಿದವರು ಡೆನ್ನಿಸ್ ಆರ್ಗನ್. ಮನಶ್ಶಾಸ್ತ್ರಜ್ಞರು ವ್ಯಕ್ತಿತ್ವವನ್ನು ಸಾಮಾನ್ಯವಾಗಿ ಐದು ಗುಣಗಳಿಂದ ಅಳೆಯುತ್ತಾರೆ: ಕರ್ತವ್ಯನಿಷ್ಠೆ, ಸೌಜನ್ಯ, ಬಹಿರ್ಮುಖತೆ, ಭಾವೋದ್ವೇಗ, ಹೊಸತಿಗೆ ತೆರೆದ ಮನಸ್ಸು. 1995ರಲ್ಲಿ ಆರ್ಗನ್ ಮತ್ತು ರಯನ್ 55 ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿದಾಗ ಸ್ವಭಾವದ ಗುಣಗಳಲ್ಲಿ ಎದ್ದು ನಿಂತದ್ದು ಕರ್ತವ್ಯನಿಷ್ಠೆಯೊಂದೇ. ಉಳಿದ ಗುಣಗಳಿಗಿಂತ ಕೆಲಸದ ತೃಪ್ತಿ, ನ್ಯಾಯ ದೊರೆಯುತ್ತಿದೆಯೆಂಬ ನಂಬಿಕೆ, ಮೇಲಿನವರ ಆಸರೆ, ಇವುಗಳ ನಂಟೇ ಬಲವಾಗಿತ್ತು.

ನಗುಮುಖದ ಸಜ್ಜನನೇ ನೆರವಾಗುವವನೆಂದು ನಾವು ಸುಲಭವಾಗಿ ತಿಳಿಯುತ್ತೇವೆ. ಅಳತೆಗೆ ಸಿಕ್ಕಿದವನು ನಿಷ್ಠಾವಂತ. ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಬಲ್ಲವರಿಗೆ ಇದು ಸೋಜಿಗವಲ್ಲ. ಮಾರಯ್ಯನು ಒಂದು ದಿನ ಎಂದಿನದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಆಕೆ ಹೇಳಿದಳು. ಅದೇ ಮನೆಯಲ್ಲಿ ದಾಸೋಹವೂ ನಡೆಯುತ್ತಿತ್ತು. ಕಾಯಕನಿಷ್ಠೆಯೆಂದರೆ ಮೈಮುರಿದು ದುಡಿಯುವುದಷ್ಟೇ ಅಲ್ಲ, ತನ್ನ ಪಾಲೆಷ್ಟೆಂಬ ಅರಿವು ಕೂಡ. ಆ ಅರಿವುಳ್ಳವನ ಕೈಯಲ್ಲಿ ಪರರಿಗಾಗಿ ಏನಾದರೂ ಉಳಿಯುತ್ತದೆ.

ಆದರೆ ಇಲ್ಲಿಯೇ ಒಂದು ಅಪಾಯವಿದೆ. ಕೇಳದೆ ಬಂದು ಕೈಗೂಡಿಸಿದವನನ್ನು ಮರುದಿನ ಕರೆಯುತ್ತಾರೆ, ಮೂರನೆಯ ದಿನ ಗದರಿಸುತ್ತಾರೆ. ಇಸ್ರೇಲಿನ ವಿಗೋಡಾ-ಗಡೋಟ್ 2006ರಲ್ಲಿ ಇದನ್ನು ಬಲವಂತದ ಪೌರತ್ವವೆಂದು ಹೆಸರಿಟ್ಟು ವಿಮರ್ಶಿಸಿದರು. ಒಂದೇ ಕೆಲಸಕ್ಕೆ ಕಾಯಂ ನೌಕರನಿಗೆ ಒಂದು ಕೂಲಿ, ಗುತ್ತಿಗೆಯವನಿಗೆ ಇನ್ನೊಂದು ಕೂಲಿ ಎಂಬಲ್ಲಿ, ಗುತ್ತಿಗೆಯವನು ಪಾಳಿ ಮುಗಿದೊಡನೆ ಹೊರಟರೆ ಅವನದು ಒರಟು ಸ್ವಭಾವವೆಂದು ಬರೆದುಕೊಳ್ಳುವುದು ಅನ್ಯಾಯ.

ಮತ್ತೆ ಕಲ್ಲುಗಣಿಗೇ ಬರೋಣ. ಎತ್ತುವಾಗ ಕಲ್ಲು ಒಡೆದರೆ ಆ ನಷ್ಟವನ್ನು ಕೈಗೂಡಿಸಿದವನ ತಲೆಗೂ ಕಟ್ಟುವುದಾದರೆ, ಪಕ್ಕದವನು ಬಾರದಿರುವುದು ಎಷ್ಟು ಅವನ ಗುಣ, ಎಷ್ಟು ಆ ಗಣಿಯ ಗುಣ?