ಸಂತೆ, ಜಾತ್ರೆ, ರಥಬೀದಿ: ಮಿಶನರಿ ಬೋಧನೆಗೆ ಕನ್ನಡ ಜನರ ಪ್ರತಿಕ್ರಿಯೆ

ಹತ್ತೊಂಬತ್ತನೆಯ ಶತಮಾನದ ಮಿಶನರಿಗಳು ಕನ್ನಡಕ್ಕೆ ಸಲ್ಲಿಸಿದ ಸೇವೆಯ ಬಗೆಗೆ ಸಾಕಷ್ಟು ಅಧ್ಯಯನ ನಡೆದಿದೆ. ನಿಘಂಟು, ವ್ಯಾಕರಣ, ಮುದ್ರಣ, ಪತ್ರಿಕೆ ಇವೆಲ್ಲವೂ ಸಂಶೋಧಕರ ಗಮನಕ್ಕೆ ಬಂದಿವೆ. ಆದರೆ ಇವುಗಳ ಹಿಂದೆ ದಿನನಿತ್ಯವೂ ನಡೆಯುತ್ತಿದ್ದ ಬೀದಿ ಬೋಧನೆ ಹಾಗೂ ಅದನ್ನು ಕೇಳಿದ ಜನರ ನಡವಳಿಕೆ ಅಷ್ಟಾಗಿ ಚರ್ಚೆಗೆ ಒಳಗಾಗಿಲ್ಲ. ಸಂತೆಯಲ್ಲಿ, ಜಾತ್ರೆಯಲ್ಲಿ, ದೇವಾಲಯದ ರಥಬೀದಿಯಲ್ಲಿ ಅನಿರೀಕ್ಷಿತವಾಗಿ ಎದುರಾದ ಬೋಧಕನನ್ನು ಜನರು ಹೇಗೆ ಬರಮಾಡಿಕೊಂಡರು ಎಂಬ ಪ್ರಶ್ನೆಯು ಸಾಂಸ್ಕೃತಿಕ ಚರಿತ್ರೆಯ ದೃಷ್ಟಿಯಿಂದ ಮಹತ್ವದ್ದಾಗಿದೆ.

ಮೊದಲಿಗೆ ಒಂದು ಅಂಶವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಕರಾವಳಿಯ ಜನರಿಗೆ ಕ್ರೈಸ್ತಧರ್ಮ ಹೊಸದಾಗಿರಲಿಲ್ಲ. ಕಾಯ್ಕಿಣಿ, ಮುರ್ಡೇಶ್ವರಗಳಿಂದ ಹೊನ್ನಾವರ, ಕುಮಟಾಗಳವರೆಗಿನ ಸೀಮೆಯಲ್ಲಿ ಕೊಂಕಣಿ ಮಾತನಾಡುವ ಕ್ಯಾಥೊಲಿಕರು ಹಿಂದಿನಿಂದಲೂ ನೆರೆಹೊರೆಯವರಾಗಿದ್ದರು. ಇಗರ್ಜಿ, ಪಾದ್ರಿ, ಹಬ್ಬದ ಮೆರವಣಿಗೆ ಎಲ್ಲರಿಗೂ ಪರಿಚಿತವಾಗಿದ್ದವು. ಹೊಸತಾಗಿದ್ದುದು ಧರ್ಮವಲ್ಲ, ಅದನ್ನು ಸಾರುವ ಸ್ಥಳ ಮತ್ತು ರೀತಿ. 1833ರ ಸನದು ಕಾಯಿದೆಯು ಬ್ರಿಟಿಷರಲ್ಲದ ಮಿಶನರಿಗಳಿಗೂ ಭಾರತದ ಬಾಗಿಲನ್ನು ತೆರೆಯಿತು. ಮರುವರ್ಷವೇ, ಅಂದರೆ 1834ರಲ್ಲಿ, ಬಾಸೆಲ್ ಮಿಶನ್ನಿನ ಹೆಬಿಕ್, ಲೇಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಶತಮಾನದ ನಡುಭಾಗದಲ್ಲಿ ಹೊನ್ನಾವರವೂ ಈ ಮಿಶನ್ನಿನ ಒಂದು ಕೇಂದ್ರವಾಯಿತು.

ಬೀದಿಯಲ್ಲಿ ನಿಂತು ಧರ್ಮದ ಮಾತಾಡುವುದೂ ಕನ್ನಡ ಜನರಿಗೆ ಅಪರಿಚಿತವಲ್ಲ. ಜಂಗಮರು, ದಾಸಯ್ಯಗಳು, ಜೋಗಿಗಳು, ಹರಿಕಥೆಯವರು ಊರೂರು ತಿರುಗುತ್ತಿದ್ದರು. ಕರಾವಳಿಯಲ್ಲಿ ಬಯಲಾಟದ ಮಾತುಗಾರಿಕೆ ಇತ್ತು. ಆದ್ದರಿಂದ ಪರದೇಶದವನೊಬ್ಬ ಕನ್ನಡದಲ್ಲಿ ಬೋಧಿಸಲು ನಿಂತಾಗ ಜನರು ಕುತೂಹಲದಿಂದ ಸುತ್ತುವರಿದುದು ಸಹಜವೇ ಆಗಿದೆ. ಕೇಳುವುದು, ನಗುವುದು, ಎದುರು ಪ್ರಶ್ನೆ ಹಾಕುವುದು ಈ ಪರಂಪರೆಗೆ ಸೇರಿದ ನಡವಳಿಕೆಗಳು. ಗುಬ್ಬಿಯಲ್ಲಿದ್ದ ವೆಸ್ಲಿಯನ್ ಮಿಶನರಿ ವಿಲಿಯಂ ಆರ್ಥರ್ ಮೈಸೂರು ಸೀಮೆಯ ತನ್ನ ಅನುಭವಗಳನ್ನು ಕುರಿತು 1847ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಜನರೊಡನೆ ನಡೆದ ಇಂತಹ ವಾದ ಸಂವಾದಗಳು ದಾಖಲಾಗಿವೆ. ಅಲ್ಲಿನ ಕೇಳುಗರು ಮೌನವಾಗಿ ಕುಳಿತ ಶ್ರೋತೃಗಳಲ್ಲ, ವಾದಕ್ಕೆ ಪ್ರತಿವಾದ ಹೂಡುವವರು.

ಜಾತ್ರೆಯ ಪ್ರಸಂಗ ಇದಕ್ಕಿಂತ ಭಿನ್ನವಾದುದು. ದೇವರ ಉತ್ಸವಕ್ಕೆಂದೇ ಕೂಡಿದ ಜನರ ನಡುವೆ ನಿಂತು ಆ ದೇವರನ್ನೇ ಅಲ್ಲಗಳೆಯುವ ಮಾತು ಕೇಳಿಬಂದಾಗ ನಗೆಯು ಸಿಟ್ಟಿಗೆ ತಿರುಗುತ್ತಿತ್ತು. 1841ರಲ್ಲಿ ಕಣ್ಣಾನೂರಿಗೆ ಹೋದ ಸಾಮ್ಯುಯೆಲ್ ಹೆಬಿಕ್ (1803–1868) ತಳಿಪರಂಬ, ಪಯ್ಯಾವೂರುಗಳ ಉತ್ಸವಗಳಿಗೆ ಹೋಗಿ ಬೋಧಿಸುತ್ತಿದ್ದನು. ಅಲ್ಲಿ ಅವನ ತಂಡವು ಹಲ್ಲೆಯನ್ನೂ ಎದುರಿಸಬೇಕಾಯಿತು. ಅದೇ ಹೆಬಿಕ್ ಕರೆಯದೆಯೇ ಇಂಗ್ಲಿಷ್ ಸೈನ್ಯಾಧಿಕಾರಿಗಳ ಬಂಗಲೆಗಳಿಗೂ ನುಗ್ಗಿ ಬೋಧಿಸುತ್ತಿದ್ದನು. ಅಲ್ಲಿಯೂ ಕೆಲವರು ಗೇಲಿ ಮಾಡಿದರು, ಕೆಲವರು ಮನಸ್ಸು ತಿರುಗಿಸಿಕೊಂಡರು. ಅನಿರೀಕ್ಷಿತ ಸ್ಥಳದ ಬೋಧನೆ ಉಂಟುಮಾಡುವ ಮುಜುಗರವು ಹಿಂದೂಗಳಿಗೆ ಮಾತ್ರ ಸೀಮಿತವಾದುದಲ್ಲ ಎಂಬುದಕ್ಕೆ ಇದು ನಿದರ್ಶನ.

ಮತ್ತೊಂದು ಬಗೆಯ ಪ್ರತಿಕ್ರಿಯೆ ಬೋಧಕರೇ ನಿರೀಕ್ಷಿಸದಿದ್ದುದು. 1839–40ರ ಸುಮಾರಿಗೆ ಧಾರವಾಡ, ಹುಬ್ಬಳ್ಳಿ ಸೀಮೆಯಲ್ಲಿ ಕಾಲಜ್ಞಾನ ಗ್ರಂಥಗಳನ್ನು ನಂಬಿದ ಗುಂಪೊಂದು ತಾನಾಗಿಯೇ ಮಿಶನರಿಗಳ ಬಳಿಗೆ ಬಂದಿತು. ತಮ್ಮ ಗ್ರಂಥಗಳು ಮುನ್ಸೂಚಿಸಿದ ಗುರುಗಳು ಇವರೇ ಎಂಬುದು ಅವರ ಭಾವನೆ. ಮಿಶನರಿಗಳು ಅಪಾರ ಭರವಸೆ ತಳೆದರು. 1841ರಲ್ಲಿ ಗದಗ–ಬೆಟಗೇರಿಯ ಸಮೀಪ ಮಲಸಮುದ್ರದಲ್ಲಿ ಒಂದು ಕೃಷಿ ವಸಾಹತು ಸ್ಥಾಪನೆಯಾಯಿತು. ಆದರೆ ನಿರೀಕ್ಷಿಸಿದ ಸಾಮೂಹಿಕ ಮತಾಂತರ ನಡೆಯಲಿಲ್ಲ, ವಸಾಹತು ಬಹುಕಾಲ ಬಾಳಲೂ ಇಲ್ಲ. ಜನರು ಹೊಸ ಮಾತನ್ನು ತಮ್ಮ ಹಳೆಯ ಚೌಕಟ್ಟಿನಲ್ಲಿಟ್ಟು ಅರ್ಥಮಾಡಿಕೊಂಡಿದ್ದರು, ಮಿಶನರಿಗಳು ಆ ಅರ್ಥವನ್ನು ತಮ್ಮ ಗೆಲುವೆಂದು ಓದಿಕೊಂಡಿದ್ದರು.

ಹಾಗಾದರೆ ಸಮಾಜವು ನಿಜವಾಗಿಯೂ ಕೆರಳಿದುದು ಯಾವಾಗ? ಮಂಗಳೂರಿನಲ್ಲಿ ಹತ್ತು ವರ್ಷ ಕಾಲ ಬೋಧನೆ ನಡೆದಿತ್ತು. ಆದರೆ ದೊಡ್ಡ ಗಲಭೆ ಎದ್ದುದು 1844ರ ಜನವರಿಯಲ್ಲಿ, ಆನಂದರಾವ್ ಕೌಂಡಿನ್ಯ ಮತ್ತು ಇನ್ನಿಬ್ಬರು ಸಾರಸ್ವತ ತರುಣರು ದೀಕ್ಷಾಸ್ನಾನ ಪಡೆದಾಗ. ಇವರು ಬೀದಿಯ ಕೇಳುಗರಲ್ಲ, ಮಿಶನ್ನಿನ ಇಂಗ್ಲಿಷ್ ಶಾಲೆಯ ಸಂಪರ್ಕಕ್ಕೆ ಬಂದವರು. ಬೀದಿಯ ಮಾತನ್ನು ಸಹಿಸಿದ ಊರು ಮನೆಯ ಮಗನನ್ನು ಕಳೆದುಕೊಳ್ಳುವುದನ್ನು ಸಹಿಸಲಿಲ್ಲ. ತುಳುನಾಡಿನ ಬಿಲ್ಲವರ ಸಂದರ್ಭದಲ್ಲಿ ಈ ನಷ್ಟದ ಮುಖ ಬೇರೆ. ಅಲ್ಲಿ ಮತಾಂತರವೆಂದರೆ ಒಕ್ಕಲು, ಕಸುಬು, ಬಂಧುಬಳಗ ತಪ್ಪಿಹೋಗುವುದು ಎಂದರ್ಥವಾಗಿತ್ತು. ಮಿಶನ್ ನೇಯ್ಗೆಯ ಶಾಲೆಯನ್ನೂ 1865ರಲ್ಲಿ ಜೆಪ್ಪಿನ ಹಂಚಿನ ಕಾರ್ಖಾನೆಯನ್ನೂ ತೆರೆಯಬೇಕಾಗಿ ಬಂದುದಕ್ಕೆ ಈ ಬದುಕಿನ ಪ್ರಶ್ನೆಯೇ ಒಂದು ಮುಖ್ಯ ಕಾರಣ.

ಜನರ ಪ್ರತಿಕ್ರಿಯೆಯು ಮಿಶನರಿಗಳನ್ನೂ ಬದಲಿಸಿತು. ದಾಸರ, ಶರಣರ ಮಾತುಗಳಲ್ಲಿ ಬೆಳೆದ ಕೇಳುಗರನ್ನು ಎದುರಿಸಲು ಆ ಸಾಹಿತ್ಯವನ್ನು ಅರಿಯುವುದು ಅನಿವಾರ್ಯವಾಯಿತು. ಮೊಗ್ಲಿಂಗ್ ದಾಸರ ಪದಗಳನ್ನೂ ಹಳೆಯ ಕಾವ್ಯಗಳನ್ನೂ ಅಚ್ಚುಹಾಕಿಸಿದ್ದು, ಕಿಟೆಲ್ 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಚರಿತ್ರೆಗೆ ದೇಶೀಯ ಛಂದಸ್ಸನ್ನು ಆಯ್ದುಕೊಂಡದ್ದು ಈ ಹಿನ್ನೆಲೆಯಲ್ಲಿ ಅರ್ಥಪೂರ್ಣವಾಗುತ್ತವೆ. ಸಂತೆಯ ಕೇಳುಗನೂ ಆ ಗ್ರಂಥಗಳ ಹಿಂದಿನ ಪ್ರೇರಣೆಗಳಲ್ಲಿ ಒಬ್ಬನೆಂದು ಹೇಳಬಹುದು.

ಇಲ್ಲಿ ಸಂಶೋಧಕರು ವಹಿಸಬೇಕಾದ ಎಚ್ಚರವೊಂದಿದೆ. ಈ ಪ್ರತಿಕ್ರಿಯೆಗಳು ಉಳಿದುಬಂದಿರುವುದು ಬಹುಮಟ್ಟಿಗೆ ಮಿಶನರಿಗಳ ವರದಿಗಳಲ್ಲಿ. ಸ್ವದೇಶದ ದಾನಿಗಳು ಓದಲೆಂದು ಬರೆದ ಆ ವರದಿಗಳಲ್ಲಿ ವಿರೋಧಿಯು ಮೂಢನಾಗಿಯೂ ಮೌನಿಯು ಸೋತವನಾಗಿಯೂ ಕಾಣಿಸಿಕೊಳ್ಳುವ ಸಂಭವವುಂಟು. ಮೈಸೂರು ಸೀಮೆಯಲ್ಲಿ ಬಹುಕಾಲ ಇದ್ದ ಕ್ಯಾಥೊಲಿಕ್ ಪಾದ್ರಿ ಅಬೆ ದುಬ್ವಾ, ಹಿಂದೂಗಳ ಮತಾಂತರ ಆಗದ ಕೆಲಸವೆಂದು 1823ರಲ್ಲಿಯೇ ಬರೆದಿದ್ದನೆಂಬುದನ್ನು ಇವುಗಳ ಪಕ್ಕದಲ್ಲಿಟ್ಟು ನೋಡಬೇಕು. ಕೇಳುಗನ ಮೌನವು ಒಪ್ಪಿಗೆಯಾಗಿರಬಹುದು, ಅತಿಥಿಯ ಬಗೆಗಿನ ಸೌಜನ್ಯವಾಗಿರಬಹುದು, ಆಳುವವರ ಬಣ್ಣದವನೆಂಬ ಅಂಜಿಕೆಯೂ ಆಗಿರಬಹುದು. ಈ ಮೂರನ್ನೂ ಬೇರ್ಪಡಿಸಿ ಓದುವ ಕ್ರಮವನ್ನು ರೂಢಿಸಿಕೊಂಡಾಗ ಮಾತ್ರ ಆ ಬೀದಿಯಲ್ಲಿ ನಿಂತಿದ್ದ ಕನ್ನಡಿಗನ ದನಿ ನಮ್ಮ ಚರಿತ್ರೆಯಲ್ಲಿ ಕೇಳಿಬರಲು ಸಾಧ್ಯ.