ಕಾವೇರಿಯ ಕೊನೆಯ ಕೆಸರಿನಲ್ಲಿ

ಕೊಡಗಿನಲ್ಲಿ ಹುಟ್ಟಿ ನಮ್ಮ ಗದ್ದೆಗಳನ್ನು ತಣಿಸುವ ಕಾವೇರಿಯ ಪರಿಚಯ ಯಾರಿಗಿಲ್ಲ? ಆದರೆ ಆ ನದಿಯು ಯುಗಯುಗಗಳಿಂದ ಹೊತ್ತೊಯ್ದ ಮಣ್ಣು ಕೊನೆಗೆ ಏನಾಯಿತೆಂದು ವಿಚಾರಿಸುವವರು ವಿರಳ. ಅದನ್ನು ಕಣ್ಣಾರೆ ಕಾಣಲೆಂದು, ಬೇಸಿಗೆಯ ರಜೆ ಮೊದಲಾದೊಡನೆ, ಏಪ್ರಿಲ್ ತಿಂಗಳ ಆದಿಯಲ್ಲಿ ನಾವು ತಮಿಳುನಾಡಿನ ಕೋಡಿಕ್ಕರೆಗೆ ಪಯಣ ಬೆಳೆಸಿದೆವು.

ಕಾವೇರಿಯ ಮುಖಜಭೂಮಿಯ ಆಗ್ನೇಯದ ತುದಿಯೇ ಕೋಡಿಕ್ಕರೆ. ಈ ಭೂಶಿರದಲ್ಲಿ ಕರಾವಳಿಯು ಒಮ್ಮೆಲೇ ಪಶ್ಚಿಮಕ್ಕೆ ತಿರುಗುತ್ತದೆ; ಪೂರ್ವಕ್ಕೆ ಬಂಗಾಳ ಕೊಲ್ಲಿ, ದಕ್ಷಿಣಕ್ಕೆ ಪಾಕ್ ಜಲಸಂಧಿ. 1967ರಲ್ಲಿ ಇದು ವನ್ಯಜೀವಿಧಾಮವಾಯಿತು. 2002ರಲ್ಲಿ ರಾಮ್‌ಸಾರ್ ಒಪ್ಪಂದದ ಜೌಗು ನೆಲಗಳ ಪಟ್ಟಿಗೂ ಸೇರಿತು. ಕೃಷ್ಣಮೃಗಗಳು ಮೇಯುವ ಹುಲ್ಲುಗಾವಲನ್ನು ದಾಟಿದೊಡನೆ ಜೌಗು ಕಾಣಿಸಿತು. ಅಲ್ಲಿ ರಾಜಹಂಸಗಳು ತಲೆಯನ್ನು ಬುಡಮೇಲಾಗಿಸಿ, ಕೊಕ್ಕಿನಿಂದ ನೀರನ್ನು ಸೋಸಿ ಆಹಾರ ಹಿಡಿಯುತ್ತಿದ್ದವು. ಆದರೆ ನಮ್ಮ ಮನಸ್ಸನ್ನು ಸೆಳೆದವು ಅವುಗಳಿಗಿಂತ ಈಚೆಗೆ, ಬರಿಯ ಕೆಸರಿನಲ್ಲಿ ಓಡಾಡುತ್ತಿದ್ದ ಪುಟ್ಟ ಉಲ್ಲಂಕಿಗಳು.

ಕೊಕ್ಕು ಕೆಳಮುಖವಾಗಿ ಬಾಗಿರುವ ಈ ಹಕ್ಕಿಗೆ ಇಂಗ್ಲಿಷಿನಲ್ಲಿ ಕರ್ಲ್ಯೂ ಸ್ಯಾಂಡ್‌ಪೈಪರ್ ಎಂದು ಹೆಸರು. ತೂಕ ಸುಮಾರು 60 ಗ್ರಾಂ. ಬೂದುಬಣ್ಣದ ಗರಿಗಳ ನಡುವೆ ಆಗಲೇ ಇಟ್ಟಿಗೆಗೆಂಪು ಮೂಡತೊಡಗಿತ್ತು. ಇದು ತವರಿಗೆ ಹೊರಡುವ ಉಡುಪು. ಅದರ ತವರು ಸೈಬೀರಿಯದ ಉತ್ತರದಂಚಿನ ಟಂಡ್ರಾ!

ಇನ್ನಷ್ಟು ಸಮೀಪದಿಂದ ನೋಡುವ ಆಸೆಯಿಂದ, ದುರ್ಬೀನು ಹಿಡಿದು ನಾವು ಹತ್ತು ಹೆಜ್ಜೆ ಮುಂದಿಟ್ಟೆವು. ಹಿಂಡಿಗೆ ಹಿಂಡೇ ಮೇಲೆದ್ದು, ಸುತ್ತು ಹಾಕಿ, ದೂರದಲ್ಲಿ ಇಳಿಯಿತು. ನಮ್ಮೊಡನಿದ್ದ ಸ್ಥಳೀಯ ಹಿರಿಯರು ನಸುನಕ್ಕು, “ಊಟಕ್ಕೆ ಕುಳಿತವರನ್ನು ಎಬ್ಬಿಸಬಾರದು,” ಎಂದರು. ನಾವು ನಾಚಿದೆವು.

ಆ ಮಾತಿನಲ್ಲಿ ವಿಜ್ಞಾನವೇ ಅಡಗಿದೆ. ಉಲ್ಲಂಕಿಯ ಕೊಕ್ಕಿನ ತುದಿಯಲ್ಲಿ ಸೂಕ್ಷ್ಮ ಸ್ಪರ್ಶಾಂಗಗಳುಂಟು. ಕಣ್ಣಿಗೆ ಕಾಣದ ಹುಳುವನ್ನೂ ಅದು ಕೆಸರಿನೊಳಗೆ ಪತ್ತೆಹಚ್ಚಬಲ್ಲುದು. ಹೀಗೆ ತಿಂದುದು ಕೊಬ್ಬಾಗಿ ಶೇಖರವಾಗುತ್ತದೆ. ಒಂದು ಗ್ರಾಂ ಪಿಷ್ಟದಿಂದ ದೊರೆಯುವ ಶಕ್ತಿ ಸುಮಾರು 4 ಕಿಲೊಕ್ಯಾಲರಿಯಾದರೆ, ಕೊಬ್ಬಿನಿಂದ 9. ಹಗುರವಾದ ಬುತ್ತಿ ಬೇಕಾದ ಪಯಣಿಗನಿಗೆ ಇದಕ್ಕಿಂತ ಉತ್ತಮವಾದುದು ಯಾವುದು? ಒಂದೊಂದು ಸಲ ಬೆದರಿ ಹಾರಿದಾಗಲೂ ಬುತ್ತಿ ಅಷ್ಟಷ್ಟು ಕರಗುತ್ತದೆ, ಉಣ್ಣುವ ಹೊತ್ತೂ ಕಳೆಯುತ್ತದೆ.

ಸಲೀಂ ಅಲಿಯವರ ಮುಂದಾಳುತನದಲ್ಲಿ ಬೊಂಬಾಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಇಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ವಲಸೆಯನ್ನು ಅಭ್ಯಸಿಸಿದರು. ಉಂಗುರದ ಮೇಲಿನ ಅಂಕಿಯೇ ಆ ಹಕ್ಕಿಯ ಗುರುತು. ಅದೇ ಹಕ್ಕಿ ಇನ್ನೊಂದೆಡೆ ಸಿಕ್ಕಾಗ ಅದರ ಹಾದಿ ತಿಳಿಯುತ್ತದೆ. ಆ ಹಾದಿಯಲ್ಲಿ ಒಂದು ತಂಗುದಾಣ ಕೆಟ್ಟರೂ ಪಯಣ ಕೆಡುವುದು. ಈ ಉಲ್ಲಂಕಿಯ ಸಂಖ್ಯೆ ಕುಗ್ಗಿರುವುದರಿಂದ 2024ರಲ್ಲಿ ಇದನ್ನು ಅಳಿವಿನ ಅಪಾಯವುಳ್ಳ ಜೀವಿಗಳ ಸಾಲಿಗೆ ಸೇರಿಸಲಾಯಿತು.

ಮರುದಿನ ನಾವು ಮುಂದೆ ಹೋಗಲಿಲ್ಲ. ದಡದಲ್ಲಿಯೇ ಸದ್ದಿಲ್ಲದೆ ಕುಳಿತೆವು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಉಲ್ಲಂಕಿಗಳು ತಾವಾಗಿಯೇ ನಮ್ಮ ಸಮೀಪಕ್ಕೆ ಬಂದವು. ಜೌಗನ್ನು ನಾವು ಬಂಜರೆಂದು ಕರೆಯುವುದುಂಟು. ಕಾವೇರಿಯು ತಂದು ಸುರಿದ ಆ ಕೆಸರಾದರೋ, ಸೈಬೀರಿಯದ ಹಕ್ಕಿಗೆ ಅನ್ನದ ತಟ್ಟೆ.