ಹಳೆ ಮನೆಯ ರಿಪೇರಿ ಚಾವಣಿಯಿಂದ ಶುರುವಾಗಲಿ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ನಾಲ್ಕೂ ತಾಲ್ಲೂಕುಗಳು 13 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಏಪ್ರಿಲ್ ಕೊನೆಯ ವಾರದಲ್ಲಿ ಸೂರ್ಯ ಇಲ್ಲಿ ನೇರ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟ ಕಂಬಕ್ಕೂ ಆಗ ನಡುಮಧ್ಯಾಹ್ನ ನೆರಳಿರುವುದಿಲ್ಲ. ಬೆಂಗಳೂರಿನಲ್ಲಿ 39.2 ಡಿಗ್ರಿ ಸೆಲ್ಸಿಯಸ್ ದಾಖಲಾಗಿದ್ದೂ ಅದೇ ಹೊತ್ತಿನಲ್ಲಿ, 2016ರ ಏಪ್ರಿಲ್ 24ರಂದು. ಬೇಸಿಗೆಯಲ್ಲಿ ಮನೆಯೊಳಗೆ ಸೆಕೆ ಇಳಿಯುವುದು ಗೋಡೆಗಿಂತ ಹೆಚ್ಚಾಗಿ ಚಾವಣಿಯಿಂದ. ರಿಪೇರಿಗೆ ಎತ್ತಿಟ್ಟ ದುಡ್ಡಿನಲ್ಲಿ ಮೊದಲ ಪಾಲು ಅದಕ್ಕೇ ಸಲ್ಲಬೇಕು.

ಸುಣ್ಣ, ಹೆಂಚು, ಶೀಟು

ಆರ್‌ಸಿಸಿ ಮತ್ತು ಕಲ್ಲು ಚಪ್ಪಡಿಯ ಚಾವಣಿ ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಒಳಗೆ ಕಾರುತ್ತದೆ. ಶಿವರಾತ್ರಿಯ ಹೊತ್ತಿಗೆ ಮೇಲ್ಭಾಗವನ್ನು ತೊಳೆದು, ಅಂಟು ಬೆರೆಸಿದ ಸುಣ್ಣವನ್ನು ಎರಡು ಸಲ ಬಳಿದರೆ ಬಿಳಿ ಮೈ ಬಿಸಿಲಿನ ಬಹುಪಾಲನ್ನು ಹಿಂದಕ್ಕೆ ಕಳಿಸುತ್ತದೆ. ಮಳೆಗೆ ಸುಣ್ಣ ತೊಳೆದುಹೋಗುವುದರಿಂದ ಪ್ರತಿ ವರ್ಷ ಬಳಿಯಬೇಕು, ಖರ್ಚು ಕಡಿಮೆ. ಚಪ್ಪಡಿಗಳ ಸಂದಿನಲ್ಲಿ ಅರಳಿ ಗಿಡ ಬೇರು ಬಿಟ್ಟಿದ್ದರೆ ಮೊದಲು ಅದನ್ನು ಕಿತ್ತು, ಗಾರೆ ತುಂಬಿಸಿ.

ಹೆಂಚಿನ ಮನೆಯಲ್ಲಿ ಬಿಸಿಗಾಳಿ ಸಂದುಗಳಿಂದ ತಾನೇ ಹೊರಹೋಗುತ್ತದೆ. ಒಡೆದ ಹೆಂಚು ಬದಲಿಸಿ, ನಡುವೆ ಒಂದೆರಡು ಗಾಜಿನ ಹೆಂಚು ಕೂರಿಸಿದರೆ ಹಗಲಲ್ಲಿ ದೀಪ ಬೇಡ.

ಹೆಚ್ಚು ಕಷ್ಟ ಶೀಟಿನ ಮನೆಗೆ. ದೊಡ್ಡಬಳ್ಳಾಪುರದ ನೇಕಾರರ ಮನೆಗಳಲ್ಲಿ ಶೀಟಿನ ಕೆಳಗೇ ಮಗ್ಗವೂ ಓಡುತ್ತಿದ್ದರೆ ಬಿಸಿಲಿನ ಕಾವಿಗೆ ಮೋಟಾರಿನ ಕಾವೂ ಸೇರುತ್ತದೆ. ಶೀಟಿನ ಮೇಲೆ ಬಿಳಿ ಬಣ್ಣ, ಕೆಳಗೆ ಒಂದು ಅಡಿ ಬಿಟ್ಟು ಬಿದಿರು ಚಾಪೆಯ ಒಳಚಾವಣಿ, ಆ ಎರಡರ ನಡುವಿನ ಗಾಳಿ ಹೊರಹೋಗಲು ಗೋಡೆಯ ತುದಿಯಲ್ಲಿ ಕಿಂಡಿ: ಮೂರೂ ಒಟ್ಟಿಗೆ ಬೇಕು. ಹಳೆಯ ಕಲ್ನಾರಿನ ಶೀಟನ್ನು ಕೊರೆಯಬೇಡಿ, ಒಡೆಯಬೇಡಿ. ಅದರ ಧೂಳು ಶ್ವಾಸಕೋಶಕ್ಕೆ ಅಪಾಯ.

ಗೋಡೆ ಮತ್ತು ಮಳೆ

2021ರ ನವೆಂಬರಿನ ಜಡಿಮಳೆಗೆ ಈ ತಾಲ್ಲೂಕುಗಳಲ್ಲೂ ಕೋಲಾರ, ಚಿಕ್ಕಬಳ್ಳಾಪುರದ ಕಡೆಯೂ ಮಣ್ಣಿನ ಗೋಡೆಗಳು ಕುಸಿದವು. ಮಣ್ಣಿನ ಗೋಡೆ ಸಾಮಾನ್ಯವಾಗಿ ಸೋಲುವುದು ಎರಡು ಕಡೆ: ಸೂರು ಸೋರುವ ತಲೆಯಲ್ಲಿ, ನೀರು ನಿಲ್ಲುವ ಬುಡದಲ್ಲಿ. ಸೂರನ್ನು ಎರಡು ಅಡಿ ಮುಂದಕ್ಕೆ ಚಾಚಿ, ಬುಡದ ಸುತ್ತ ಇಳಿಜಾರು ಮಾಡಿ. ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಬೇಡ, ತೇವ ಒಳಗೇ ಉಳಿಯುತ್ತದೆ. ಸುಣ್ಣದ ಗಾರೆ ಒಳ್ಳೆಯದು. ಬಿದ್ದ ಗೋಡೆಯ ಮಣ್ಣೂ ವ್ಯರ್ಥವಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ, ಮಣ್ಣಿಗೆ ಒಂದಿಷ್ಟು ಸಿಮೆಂಟ್ ಸೇರಿಸಿ ಯಂತ್ರದಲ್ಲಿ ಒತ್ತಿದ, ಸುಡಬೇಕಿಲ್ಲದ ಇಟ್ಟಿಗೆಯನ್ನು ಬಳಕೆಗೆ ತಂದಿತು.

ಗೋಡೆಗೆ ಬೀಳದ ನೀರು ಸಂಪಿಗೆ ಬರಲಿ. ಇಲ್ಲಿ ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆ. 100 ಚದರ ಮೀಟರ್ ಚಾವಣಿಯ ಮೇಲೆ ಬೀಳುವುದು 80,000 ಲೀಟರ್. ಐದನೇ ಒಂದು ಪಾಲು ಪೋಲಾದರೂ 64,000 ಲೀಟರ್ ಸಿಗುತ್ತದೆ. ದಿನಕ್ಕೆ 400 ಲೀಟರ್ ಬಳಸುವ ಮನೆಗೆ ಅದು 160 ದಿನದ ನೀರು. ಮೊದಲ ಮಳೆಯನ್ನು ಹೊರಗೆ ಬಿಟ್ಟು, ಆಮೇಲಿನದನ್ನು ಸೋಸಿ ತುಂಬಿಸಿ. ಸಂಪು ತುಂಬಿ ಹೆಚ್ಚಾದದ್ದು ಇಂಗುಗುಂಡಿಗೆ ಹೋಗಲಿ. ನಾಲ್ಕೂ ತಾಲ್ಲೂಕುಗಳಲ್ಲಿ ಅಂತರ್ಜಲ ಇಂಗುವುದಕ್ಕಿಂತ ಎತ್ತುವುದೇ ಹೆಚ್ಚು.

ಕರೆಂಟು ಕೊನೆಗೆ

ಪಡುವಣ ಗೋಡೆಯ ಆಚೆ ಒಂದು ಹೊಂಗೆ, ಕಿಟಕಿಗೆ ಸಜ್ಜಾ, ಎದುರುಬದುರು ಕಿಟಕಿ ಇಷ್ಟಾದ ಮೇಲೆ ಫ್ಯಾನಿನ ಲೆಕ್ಕ. ಹಳೆ ಫ್ಯಾನು ಸುಮಾರು 75 ವ್ಯಾಟ್ ಎಳೆದರೆ ಬಿಎಲ್‌ಡಿಸಿ ಫ್ಯಾನಿಗೆ 30 ಸಾಕು. ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 16 ಯೂನಿಟ್ ಉಳಿತಾಯ. ಚಾವಣಿಗೆ ಸೋಲಾರ್ ಫಲಕ ಹಾಕಿಸುವವರಿಗೆ 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವ್ಯಾಟ್‌ಗೆ 60,000 ರೂಪಾಯಿ, 3 ಕಿಲೋವ್ಯಾಟ್ ಮತ್ತು ಮೇಲ್ಪಟ್ಟು 78,000 ರೂಪಾಯಿ ಸಹಾಯಧನ ನಿಗದಿಯಾಗಿತ್ತು. ಹಳೆ ಚಪ್ಪಡಿ, ತೊಲೆ ಆ ಭಾರ ತಡೆಯುತ್ತವೆಯೇ ಎಂದು ಎಂಜಿನಿಯರ್‌ಗೆ ತೋರಿಸಿಯೇ ಮುಂದುವರಿಯಿರಿ.

ಮೊದಲು ಸೋರಿಕೆ, ಆಮೇಲೆ ಬಿಸಿಲು, ಕೊನೆಗೆ ಯಂತ್ರ. ಈ ಸರದಿ ತಪ್ಪಿಸಿ ಎ.ಸಿ. ಕೂರಿಸಿದರೆ ಕಾದ ಚಾವಣಿಯ ದಂಡವನ್ನು ತಿಂಗಳು ತಿಂಗಳು ಕರೆಂಟ್ ಬಿಲ್ಲಿನಲ್ಲಿ ಕಟ್ಟಬೇಕಾಗುತ್ತದೆ. ಒಂದೇ ವರ್ಷದಲ್ಲಿ ಎಲ್ಲ ಆಗದಿದ್ದರೆ, ಈ ಬೇಸಿಗೆಗೆ ಮುಂಚೆ ಸುಣ್ಣವನ್ನಾದರೂ ಬಳಿಸಿ.